ಬುಸಾನ್‌ನಲ್ಲಿ ಮೂರು ದಿನ: ಗ್ಯಾಂಗ್ ಕಟ್ಟಿಕೊಂಡು ಹೋಗುವವರಿಗೆ

ಮೊದಲ ಸಲ ನಾವು ಐದು ಜನ ದಕ್ಷಿಣ ಕೊರಿಯಾದ ಬುಸಾನ್‌ಗೆ ಹೋದಾಗ ಒಂದೇ ದಿನದಲ್ಲಿ ಮೂರು ಜಾಗ ಮುಗಿಸುವ ಹುಮ್ಮಸ್ಸಿನಲ್ಲಿದ್ದೆವು. ಬೆಳಿಗ್ಗೆ ಗಾಮ್ಚೊನ್‌ನ ಬಣ್ಣದ ಮನೆಗಳು, ಮಧ್ಯಾಹ್ನ ಸಮುದ್ರದ ಬಂಡೆ ಮೇಲಿನ ದೇವಸ್ಥಾನ, ಸಂಜೆ ವಾಪಸ್ ಬಂದು ಜಗಾಲ್ಚಿ ಮೀನು ಮಾರ್ಕೆಟ್. ಎಲ್ಲಾ ಒಂದೇ ಊರಲ್ಲಿದೆ, ಅಲ್ವಾ? ಆ ದಿನ ನಾವು ಎಲ್ಲಕ್ಕಿಂತ ಜಾಸ್ತಿ ನೋಡಿದ್ದು ಮೆಟ್ರೊ ಸುರಂಗ. ರಾತ್ರಿ ಎಂಟಕ್ಕೆ ಒಬ್ಬ ಶೂ ಬಿಚ್ಚಿ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತುಬಿಟ್ಟ. ಇನ್ನೊಬ್ಬಳು ಮಾರನೇ ಬೆಳಿಗ್ಗೆವರೆಗೂ ಯಾರ ಜೊತೆಯೂ ಮಾತಾಡಲಿಲ್ಲ.

ಆಮೇಲೆ ಮೂರು ಸಲ ಹೋಗಿ ಬಂದೆ. ಬುಸಾನ್ ಬೆಟ್ಟಗಳ ಸಂದಿಯಲ್ಲಿ, ಕಡಲಿನ ಅಂಚಿನಲ್ಲಿ ಉದ್ದಕ್ಕೆ ಹರಡಿಕೊಂಡ ಊರು. ಪೂರ್ವದ ಹೆಉಂದೆ ಬೀಚಿನಿಂದ ಪಶ್ಚಿಮದ ಜಗಾಲ್ಚಿಗೆ ಮೆಟ್ರೊದಲ್ಲಿ ಹೆಚ್ಚುಕಡಿಮೆ ಒಂದು ಗಂಟೆ. ಹಾಗಾಗಿ ಪೂರ್ವಕ್ಕೆ ಒಂದು ದಿನ, ಪಶ್ಚಿಮಕ್ಕೆ ಒಂದು ದಿನ ಕೊಡಿ. ವಾಪಸ್ ಹೋಗುವ ರೈಲು ಹೊರಡುವ ಬುಸಾನ್ ಸ್ಟೇಷನ್ ಪಶ್ಚಿಮದ ಕಡೆಗೇ ಇರುವುದರಿಂದ ಪಶ್ಚಿಮವನ್ನು ಕೊನೆಗಿಡಿ. ಕೆಳಗಿನ ಪ್ಲಾನ್ ಪೂರ್ತಿ ನಿಂತಿರುವುದು ಇದರ ಮೇಲೆ. ಸಿಯೋಲ್ ಕಡೆ ಓದುವ, ಕೆಲಸ ಮಾಡುವ ನಮ್ಮವರನ್ನು ಮನಸ್ಸಲ್ಲಿಟ್ಟು ಬರೆದಿದ್ದೇನೆ. ಊರಿಂದ ನೆಂಟರು ಬಂದರೂ ಇದೇ ನಡೆಯುತ್ತದೆ.

ಯಾವ ರಜೆ?

ಕೊರಿಯಾದಲ್ಲಿ ರಜೆ ಶನಿವಾರ, ಭಾನುವಾರದ ಮೇಲೆ ಬಿದ್ದರೆ ಹೆಚ್ಚಿನ ಹಬ್ಬಗಳಿಗೆ ಸೋಮವಾರ ಬದಲಿ ರಜೆ ಕೊಡುತ್ತಾರೆ. ಲಾಂಗ್ ವೀಕೆಂಡ್ ಹುಟ್ಟುವುದು ಹೀಗೆ. ಮೇ 5ರ ಮಕ್ಕಳ ದಿನ, ಆಗಸ್ಟ್ 15, ಅಕ್ಟೋಬರ್ 3, ಅಕ್ಟೋಬರ್ 9ರ ಹಂಗುಲ್ (ಕೊರಿಯನ್ ಲಿಪಿ) ದಿನ, ಇವನ್ನು ವರ್ಷದ ಮೊದಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಆಗಸ್ಟ್ 15 ಇಲ್ಲಿಯವರಿಗೂ ಬಿಡುಗಡೆಯ ದಿನವೇ. 1945ರಲ್ಲಿ ಜಪಾನಿನ ಆಳ್ವಿಕೆ ಮುಗಿದ ದಿನ ಅದು.

ಸೊಲ್ಲಾಲ್ (ಚಾಂದ್ರಮಾನ ಹೊಸ ವರ್ಷ), ಚುಸೊಕ್ (ಸುಗ್ಗಿ ಹಬ್ಬ) ಎಂಬ ಎರಡು ದೊಡ್ಡ ಹಬ್ಬಗಳಿಗೆ ಮಾತ್ರ ಹೋಗಬೇಡಿ. ನಮ್ಮಲ್ಲಿ ದೀಪಾವಳಿಗೆ ಮೆಜೆಸ್ಟಿಕ್ ಹೇಗಿರುತ್ತದೋ, ಆಗ ಇಡೀ ದೇಶ ಹಾಗಿರುತ್ತದೆ. ಸಮುದ್ರದಲ್ಲಿ ಈಜಲೇಬೇಕು ಅಂದರೆ ಜುಲೈ, ಆಗಸ್ಟ್. ಆದರೆ ಆಗ ಹೆಉಂದೆಯ ಮರಳು ಕಾಣುವುದಿಲ್ಲ, ಬರೀ ಕೊಡೆಗಳು ಕಾಣುತ್ತವೆ. ಜೊತೆಗೆ ಜುಲೈನಲ್ಲಿ ಮಳೆ, ಆಗಸ್ಟ್ ಕೊನೆಯಿಂದ ಚಂಡಮಾರುತದ ಭಯ. ನನ್ನನ್ನು ಕೇಳಿದರೆ ಅಕ್ಟೋಬರ್. ತೆಳು ಜಾಕೆಟ್ ಸಾಕು, ಆಕಾಶ ತೊಳೆದಿಟ್ಟ ಹಾಗಿರುತ್ತದೆ.

ಟಿಕೆಟ್ ಮೊದಲು, ವಾಟ್ಸಾಪ್ ಚರ್ಚೆ ಆಮೇಲೆ

ಸಿಯೋಲ್ ಸ್ಟೇಷನ್‌ನಿಂದ ಬುಸಾನ್‌ಗೆ ಕೆಟಿಎಕ್ಸ್ ವೇಗದ ರೈಲಿನಲ್ಲಿ ಎರಡೂವರೆ ಗಂಟೆ ಆಸುಪಾಸು. ಸಾಮಾನ್ಯ ಸೀಟಿಗೆ ಒಂದು ಕಡೆಗೆ ಸುಮಾರು 60,000 ವೊನ್. ಟಿಕೆಟ್ ಒಂದು ತಿಂಗಳು ಮುಂಚೆ, ಬೆಳಿಗ್ಗೆ 7ಕ್ಕೆ ಬಿಡುತ್ತಾರೆ. ಲಾಂಗ್ ವೀಕೆಂಡಿನ ಶನಿವಾರ ಬೆಳಗಿನ ಸೀಟು, ಸೋಮವಾರ ಸಂಜೆಯ ಸೀಟು ಬೇಗ ಖಾಲಿಯಾಗುತ್ತವೆ. "ಯಾರ್ಯಾರು ಬರ್ತೀರಾ" ಅಂತ ಗ್ರೂಪಲ್ಲಿ ಕೇಳಿ, ಹದಿನೈದು ದಿನ ಉತ್ತರಕ್ಕೆ ಕಾದು, ಆಮೇಲೆ ಬುಕ್ ಮಾಡುವ ನಮ್ಮ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಒಬ್ಬರು ಧೈರ್ಯ ಮಾಡಿ ಐದೂ ಟಿಕೆಟ್ ತೆಗೆದುಬಿಡಿ. ಬೇಡವಾದದ್ದನ್ನು ಬೇಗ ರದ್ದು ಮಾಡಿದರೆ ಹೋಗುವ ದುಡ್ಡು ಕಡಿಮೆ.

ಸಿಗಲಿಲ್ಲವಾ? ಗಾಬರಿ ಬೇಡ. ಸಿಯೋಲ್‌ನದೇ ಸುಸೊ ಸ್ಟೇಷನ್‌ನಿಂದ ಹೊರಡುವ ವೇಗದ ರೈಲು ನೋಡಿ. ಅದೂ ಇಲ್ಲದಿದ್ದರೆ ಮುಗುಂಗ್ವಾ ಎಂಬ ಹಳೇ ರೈಲು ಐದು ಗಂಟೆಯ ಮೇಲೆ ತೆಗೆದುಕೊಳ್ಳುತ್ತದೆ, ದರ ಕೆಟಿಎಕ್ಸ್‌ನ ಅರ್ಧದಷ್ಟು. ಬಸ್ಸಿನಲ್ಲಿ ಹೋದರೆ ನಾಲ್ಕು ಗಂಟೆಯ ಮೇಲೆ, ರಜೆಯ ಟ್ರಾಫಿಕ್ ಸೇರಿದರೆ ಎಷ್ಟು ಅಂತ ಹೇಳಲಾಗದು. ಬಸ್ಸು ಇಳಿಸುವುದು ಊರಿನ ಉತ್ತರ ತುದಿಯ ನೊಪೊದಲ್ಲಿ. ಅಲ್ಲಿಂದ ಮೆಟ್ರೊದ ಒಂದನೇ ಲೈನ್ ಹಿಡಿಯಬೇಕು.

ರೈಲಿನ ಬಗ್ಗೆ ಒಂದು ಮಾತು. ಬೋಗಿಯೊಳಗೆ ಕೊರಿಯಾದವರು ಪಿಸುಮಾತಿನಲ್ಲಿ ಮಾತಾಡುತ್ತಾರೆ. ಫೋನ್ ಬಂದರೆ ಎದ್ದು ಬಾಗಿಲ ಹತ್ತಿರ ಹೋಗುತ್ತಾರೆ. ನಾವು ಐದು ಜನ ಅಂತ್ಯಾಕ್ಷರಿಗೆ ಕೂತಿದ್ದೆವು. ಮುಂದಿನ ಸೀಟಿನ ಅಜ್ಜಿ ತಿರುಗಿ ನೋಡಿ, ಏನೂ ಹೇಳದೆ, ಎಲ್ಲರಿಗೂ ಒಂದೊಂದು ಪೆಪ್ಪರ್‌ಮಿಂಟ್ ಕೊಟ್ಟರು. ಬಾಯಿ ಮುಚ್ಚಿಸಲು ಇದಕ್ಕಿಂತ ಒಳ್ಳೆ ಉಪಾಯ ನಾನು ಕಂಡಿಲ್ಲ.

ರೂಮ್ ಎಲ್ಲಿ ಮಾಡಬೇಕು?

ಗ್ವಾಂಗಲ್ಲಿ. ಹೆಸರಲ್ಲಿ ಗಲ್ಲಿ ಇದ್ದರೂ ಇರುವುದು ದೊಡ್ಡ ಬೀಚು. ಹೆಉಂದೆ ಹೆಚ್ಚು ಹೆಸರುವಾಸಿ, ಹಾಗೇ ಹೆಚ್ಚು ದುಬಾರಿ. ಸೊಮ್ಯೊನ್ ಅಗ್ಗ, ಒಂದನೇ ಮತ್ತು ಎರಡನೇ ಲೈನ್ ಕೂಡುವ ಜಾಗ ಅದೇ, ಆದರೆ ಅಲ್ಲಿ ಸಮುದ್ರ ಇಲ್ಲ. ಸಮುದ್ರದ ಊರಿಗೆ ಹೋಗಿ ಕಿಟಕಿಯಲ್ಲಿ ಪಕ್ಕದ ಕಟ್ಟಡದ ಎಸಿ ನೋಡುತ್ತಾ ಮಲಗುವುದು ಯಾಕೆ?

ನಾಲ್ಕೈದು ಜನರಿದ್ದರೆ "ಒಂದೊಲ್" ರೂಮ್ ಕೇಳಿ. ಮಂಚ ಇರುವುದಿಲ್ಲ, ಬೆಚ್ಚಗಿನ ನೆಲದ ಮೇಲೆ ಹಾಸಿಗೆ ಹಾಸಿ ಸಾಲಾಗಿ ಮಲಗುವುದು. ಮದುವೆ ಮನೆಯ ಹಿಂದಿನ ರಾತ್ರಿ ನೆನಪಾಗುತ್ತದೆ. ಚಳಿಗಾಲದಲ್ಲಿ ಇದಕ್ಕಿಂತ ಸುಖ ಇಲ್ಲ. ಚೆಕ್‌ಇನ್ ಸಾಮಾನ್ಯವಾಗಿ ಮಧ್ಯಾಹ್ನ 3ಕ್ಕೆ. ಅದಕ್ಕೂ ಮುಂಚೆ ಬ್ಯಾಗ್ ಇಡಲು ಬಿಡುತ್ತಾರಾ ಅಂತ ಬುಕ್ ಮಾಡುವಾಗಲೇ ಕೇಳಿಕೊಳ್ಳಿ.

ಫೋನಿಗೆ, ಜೇಬಿಗೆ, ಬ್ಯಾಗಿಗೆ

ಗೂಗಲ್ ಮ್ಯಾಪ್ ನಂಬಿಕೊಂಡು ಹೊರಡಬೇಡಿ, ನಡೆಯುವ ದಾರಿ ತೋರಿಸುವುದರಲ್ಲಿ ಅದು ಇಲ್ಲಿ ಕೈಕೊಡುತ್ತದೆ. ನೇವರ್ ಮ್ಯಾಪ್ ಅಥವಾ ಕಾಕಾವೊ ಮ್ಯಾಪ್ ಹಾಕಿಕೊಳ್ಳಿ. ಸಿಯೋಲ್‌ನಲ್ಲಿ ಬಳಸುವ ಟಿ-ಮನಿ ಕಾರ್ಡ್ ಬುಸಾನ್ ಮೆಟ್ರೊ, ಬಸ್ಸಿಗೂ ನಡೆಯುತ್ತದೆ. ಅದಕ್ಕೆ ದುಡ್ಡು ತುಂಬಿಸಲು ನೋಟು ಬೇಕಾಗುತ್ತದೆ, ಹತ್ತಿಪ್ಪತ್ತು ಸಾವಿರ ವೊನ್ ಕೈಯಲ್ಲಿರಲಿ. ಬಸ್ ಇಳಿಯುವಾಗಲೂ ಕಾರ್ಡ್ ತಾಗಿಸಿ, ಇಲ್ಲದಿದ್ದರೆ ಮುಂದಿನ ಮೆಟ್ರೊಗೆ ಪೂರ್ತಿ ಚಾರ್ಜ್ ಬೀಳುತ್ತದೆ.

ಬ್ಯಾಗಿಗೆ ಚಟ್ನಿಪುಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಶನಿವಾರ: ನಿಧಾನಕ್ಕೆ ಇಳಿಯಿರಿ

ಮಧ್ಯಾಹ್ನ ಬುಸಾನ್ ಸ್ಟೇಷನ್‌ನಲ್ಲಿ ಇಳಿದು, ಒಂದನೇ ಲೈನಿನಲ್ಲಿ ಸೊಮ್ಯೊನ್, ಅಲ್ಲಿ ಎರಡನೇ ಲೈನಿಗೆ ಬದಲಾಯಿಸಿ ಗ್ವಾಂಗಾನ್, ಅದೇ ಗ್ವಾಂಗಲ್ಲಿ ಬೀಚಿನ ಸ್ಟೇಷನ್. ಬ್ಯಾಗ್ ಇಟ್ಟು ಬಂದರೆ ಸಂಜೆಯವರೆಗೆ ಸಮಯ ಇರುತ್ತದೆ. ಹೆಚ್ಚಿನವರು ಕೆಫೆಯಲ್ಲಿ ಕೂರುತ್ತಾರೆ. ನಾನು ನಾಲ್ಕು ಸ್ಟೇಷನ್ ಹಿಂದೆ ಹೋಗಿ ದೇಯೊನ್‌ನಲ್ಲಿ ಇಳಿಯಿರಿ ಅನ್ನುತ್ತೇನೆ. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ವಿಶ್ವಸಂಸ್ಥೆಯ ಸ್ಮಾರಕ ಸ್ಮಶಾನ ಇದೆ. ಜಗತ್ತಿನಲ್ಲಿ ಇಂಥದ್ದು ಇದೊಂದೇ. ಹೆಚ್ಚಾಗಿ ಕೊರಿಯಾ ಯುದ್ಧದಲ್ಲಿ ಸತ್ತ ಸೈನಿಕರು, ಒಟ್ಟು 2,300ಕ್ಕೂ ಹೆಚ್ಚು ಜನ ಇಲ್ಲಿದ್ದಾರೆ. ಆ ಯುದ್ಧಕ್ಕೆ ಭಾರತ ಬಂದೂಕು ಹಿಡಿದವರನ್ನು ಕಳಿಸಲಿಲ್ಲ, 60ನೇ ಪ್ಯಾರಾಶೂಟ್ ಫೀಲ್ಡ್ ಆಂಬ್ಯುಲೆನ್ಸ್ ಎಂಬ ವೈದ್ಯರ ದಳವನ್ನು ಕಳಿಸಿತು. 1953ರಲ್ಲಿ ಯುದ್ಧ ನಿಂತ ಮೇಲೆ ಸೆರೆಯಾಳುಗಳನ್ನು ಅವರವರ ದೇಶಕ್ಕೆ ಕಳಿಸುವ ತಟಸ್ಥ ಆಯೋಗದ ಅಧ್ಯಕ್ಷರಾಗಿ ಬಂದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ. ಅವರು ಕೆಲಸ ಮಾಡಿದ್ದು ಇಲ್ಲಿಂದ ದೂರದ ಗಡಿಯಲ್ಲಿ. ಆದರೂ ಹುಲ್ಲಿನ ಮಧ್ಯೆ ಆ ಸಾಲು ಕಲ್ಲುಗಳ ಮುಂದೆ ನಿಂತಾಗ ಆ ಹೆಸರು ನೆನಪಾಗುತ್ತದೆ. ಮಾತು ಕಡಿಮೆ ಇರಲಿ, ಸೆಲ್ಫಿ ಬೇಡ.

ರಾತ್ರಿ ಗ್ವಾಂಗಲ್ಲಿ ಮರಳಿಗೆ ಬನ್ನಿ. ಎದುರಿಗೆ ಗ್ವಾಂಗಾನ್ ಸೇತುವೆ, 2003ರಲ್ಲಿ ಓಡಾಟಕ್ಕೆ ತೆರೆದದ್ದು, 7 ಕಿಲೋಮೀಟರ್ ಮೇಲೆ ಉದ್ದ. ಶನಿವಾರ ರಾತ್ರಿ ಸಮುದ್ರದ ಮೇಲೆ ಡ್ರೋನ್ ಪ್ರದರ್ಶನ ನಡೆಯುತ್ತದೆ. ನೂರಾರು ಡ್ರೋನ್‌ಗಳು ಎದ್ದು ಆಕಾಶದಲ್ಲಿ ಚಿತ್ರ ಬಿಡಿಸುತ್ತವೆ. ಬೇಸಿಗೆಯಲ್ಲಿ 8 ಮತ್ತು 10ಕ್ಕೆ, ಚಳಿಗಾಲದಲ್ಲಿ 7 ಮತ್ತು 9ಕ್ಕೆ. ಗಾಳಿ ಜೋರಾದರೆ ರದ್ದು, ಆ ದಿನ ಸಂಜೆ ನೋಡಿಕೊಂಡೇ ಹೊರಡಿ. ಮೊದಲನೇ ಆಟಕ್ಕೆ ಜನ ಜಾತ್ರೆ, ಎರಡನೆಯದಕ್ಕೆ ಕೊಂಚ ಕಡಿಮೆ. ಮುಗಿದ ತಕ್ಷಣ ಮೆಟ್ರೊ ಕಡೆ ಓಡುವ ಜನರನ್ನು ನೋಡುತ್ತಾ ನೀವು ಚಾಪೆ ಮೇಲೆ ಆರಾಮಾಗಿ ಕೂತಿರಬಹುದು, ರೂಮ್ ಪಕ್ಕದಲ್ಲೇ ಇದೆಯಲ್ಲ. ಬೀರ್ ಕುಡಿಯುವವರು ಗಮನಿಸಿ: ಪಕ್ಕದ ಮಿಲ್ಲಾಕ್ ವಾಟರ್‌ಫ್ರಂಟ್ ಪಾರ್ಕಿನಲ್ಲಿ 2023ರಿಂದ ಕುಡಿಯುವಂತಿಲ್ಲ.

ಭಾನುವಾರ: ಪೂರ್ವದ ಕಡೆ

ಬೆಳಿಗ್ಗೆ ಬೇಗ ಎದ್ದರೆ ಮೊದಲು ಹೆದೊಂಗ್ ಯೊಂಗುಂಗ್ಸಾ. ಕೊರಿಯಾದ ದೇವಾಲಯಗಳು ಸಾಮಾನ್ಯವಾಗಿ ಬೆಟ್ಟದ ಮೇಲೆ. ಇದು ಅಲೆ ಬಡಿಯುವ ಬಂಡೆಯ ಮೇಲಿದೆ. 1376ರಲ್ಲಿ ನಾವೊಂಗ್ ಎಂಬ ಭಿಕ್ಷು ಕಟ್ಟಿಸಿದ್ದು ಅನ್ನುತ್ತಾರೆ. ಮುರ್ಡೇಶ್ವರ ನೋಡಿದವರಿಗೆ ಉಪ್ಪುಗಾಳಿ ಮತ್ತು ಗಂಟೆ ಸದ್ದಿನ ಈ ಜೋಡಿ ಹೊಸದಲ್ಲ. ಒಳಗೆ ಹೋಗಲು ದುಡ್ಡಿಲ್ಲ. ದಾರಿಯಲ್ಲಿ ಹನ್ನೆರಡು ರಾಶಿಯ ಪ್ರಾಣಿಗಳ ವಿಗ್ರಹ, ಆಮೇಲೆ ರಸ್ತೆ ಅಪಘಾತ ಆಗದಿರಲಿ ಅಂತ ಬೇಡಿಕೊಳ್ಳಲು ಒಂದು ಗೋಪುರ, ಆಮೇಲೆ 108 ಮೆಟ್ಟಿಲು ಕೆಳಕ್ಕೆ. ಇಳಿಯುವಾಗ ಚೆನ್ನಾಗಿರುತ್ತದೆ. ಹತ್ತುವಾಗ ರಾತ್ರಿಯ ಫ್ರೈಡ್ ಚಿಕನ್ ಲೆಕ್ಕ ಕೇಳುತ್ತದೆ. ಒಂಬತ್ತರ ಮೇಲೆ ಟೂರ್ ಬಸ್ಸುಗಳು ಬರತೊಡಗುತ್ತವೆ, ಅಷ್ಟರಲ್ಲಿ ಹೊರಗಿರಿ.

ಅಲ್ಲಿಂದ ಟ್ಯಾಕ್ಸಿಯಲ್ಲಿ ಸೊಂಗ್ಜೊಂಗ್ ಬೀಚ್. ನಾಲ್ಕು ಜನ ಹಂಚಿಕೊಂಡರೆ ತಲೆಗೆ ಬಸ್ ಚಾರ್ಜಿನಷ್ಟೇ ಬೀಳುತ್ತದೆ. ಇಲ್ಲಿ ಸರ್ಫಿಂಗ್ ಹೇಳಿಕೊಡುತ್ತಾರೆ. ಬೇಡದವರು ಬೀಚ್ ಟ್ರೇನ್ ಹತ್ತಿ. ಹಿಂದೆ ನಿಜವಾದ ರೈಲು ಓಡುತ್ತಿದ್ದ ಹಳಿಯನ್ನು ಬಿಟ್ಟುಕೊಟ್ಟ ಮೇಲೆ, ಅದೇ ದಾರಿಯಲ್ಲಿ 2020ರಿಂದ ಈ ಪುಟ್ಟ ರೈಲು ಓಡಿಸುತ್ತಿದ್ದಾರೆ. ಸೊಂಗ್ಜೊಂಗ್‌ನಿಂದ ಚೊಂಗ್ಸಾಪೊ ದಾಟಿ ಮಿಪೊವರೆಗೆ 4.8 ಕಿಲೋಮೀಟರ್. ಸೀಟುಗಳೆಲ್ಲ ಸಮುದ್ರದ ಕಡೆಗೇ ಮುಖ ಮಾಡಿವೆ, ಕಿಟಕಿ ಸೀಟಿಗೆ ಜಗಳ ಇಲ್ಲ.

ಜಗಳ ಇರುವುದು ಸ್ಕೈ ಕ್ಯಾಪ್ಸೂಲಿನಲ್ಲಿ. ಚೊಂಗ್ಸಾಪೊ ಮತ್ತು ಮಿಪೊ ನಡುವೆ, ಎತ್ತರದ ಹಳಿ ಮೇಲೆ ಆಮೆ ನಡಿಗೆಯಲ್ಲಿ ಹೋಗುವ ಬಣ್ಣದ ಡಬ್ಬಿಗಳಿವು. ಎರಡು ಕಿಲೋಮೀಟರಿಗೆ ಅರ್ಧ ಗಂಟೆ. ಒಂದರಲ್ಲಿ ನಾಲ್ಕೇ ಜನ. ಐವರು ಹೋಗಿದ್ದೀರಾ? ಇಬ್ಬರು ಮತ್ತು ಮೂವರಾಗಿ ಒಡೆಯಬೇಕು, ಆಗ ತಲೆಗೆ ಬೀಳುವ ಖರ್ಚು ಜಾಸ್ತಿ. ಸೂರ್ಯ ಮುಳುಗುವ ಹೊತ್ತಿನ ಜಾಗ ಮುಂಗಡವಾಗಿ ಆನ್‌ಲೈನ್‌ನಲ್ಲೇ ಖಾಲಿ. ಒಂದು ಸಲ ಹತ್ತಿದ್ದೇನೆ, ಫೋಟೋ ಚೆನ್ನಾಗಿ ಬಂತು, ಇನ್ನೊಂದು ಸಲಕ್ಕೆ ಮನಸ್ಸಾಗಲಿಲ್ಲ. ಅದರ ಕೆಳಗೇ ಹಲಗೆ ಹಾಸಿದ ಕಾಲುದಾರಿ ಇದೆ. ಅದೇ ಸಮುದ್ರ, ಅದೇ ಪೈನ್ ಮರ, ಬಿಟ್ಟಿ. ಚೊಂಗ್ಸಾಪೊದಲ್ಲಿ ಇಳಿದು ಕೆಂಪು, ಬಿಳಿ ಎರಡು ದೀಪಸ್ತಂಭ ನೋಡಿಕೊಂಡು ಮಿಪೊಗೆ ನಡೆದುಬಿಡಿ. ಅಲ್ಲಿಗೆ ಹೆಉಂದೆಯ ಒಂದು ತುದಿ ಸಿಕ್ಕಿತು.

ಹೆಉಂದೆಯ ಒಂದೂವರೆ ಕಿಲೋಮೀಟರ್ ಮರಳು ದಾಟಿ ಇನ್ನೊಂದು ತುದಿಗೆ ಬಂದರೆ ದೊಂಗ್ಬೆಕ್ ದ್ವೀಪ. ಈಗ ಅದು ನೆಲಕ್ಕೆ ಅಂಟಿಕೊಂಡಿದೆ, ಹೆಸರು ಮಾತ್ರ ದ್ವೀಪ. ಬಂಡೆ ಮೇಲೆ ಕೂತ ಮತ್ಸ್ಯಕನ್ಯೆಯ ವಿಗ್ರಹದ ಹೆಸರು ಹ್ವಾಂಗೊಕ್ ರಾಜಕುಮಾರಿ. ಭಾರತದಿಂದ ಬಂದ ರಾಣಿ ಅಂತ ಹೇಳುವ ಹೊ ಹ್ವಾಂಗೊಕ್ ಕಥೆ ಬೇರೆ, ಹೆಸರು ಮಾತ್ರ ಅದೇ. 13ನೇ ಶತಮಾನದ ಕೊರಿಯನ್ ಗ್ರಂಥ ಸಾಮ್ಗುಕ್ ಯುಸಾದ ಪ್ರಕಾರ ಆಕೆ ಕ್ರಿ.ಶ. 48ರಲ್ಲಿ ಅಯುತ ಎಂಬ ದೇಶದಿಂದ ಹಡಗಿನಲ್ಲಿ ಬಂದು ರಾಜ ಸುರೊನನ್ನು ಮದುವೆಯಾದಳು. ಅಯುತ ಅಂದರೆ ಅಯೋಧ್ಯೆಯೇ ಅಂತ ನಂಬುವವರು ಬಹಳ. ಆಕೆಯ ಸಮಾಧಿ ಪಕ್ಕದ ಗಿಮ್ಹೆ ಊರಿನಲ್ಲಿದೆ. ನಾಲ್ಕನೇ ದಿನ ಕೈಯಲ್ಲಿದ್ದರೆ ಬುಸಾನ್-ಗಿಮ್ಹೆ ಲೈಟ್ ರೈಲಿನಲ್ಲಿ ಹೋಗಿ ಬನ್ನಿ.

ನೀರಿಗಿಳಿಯುವವರಿಗೆ: ಸೀಸನ್ನಿನಲ್ಲಿ ತೇಲುವ ಗುರುತಿನ ಆಚೆ ಹೋಗಬೇಡಿ. ಹೆಉಂದೆಯಲ್ಲಿ ದಡದಿಂದ ಒಳಕ್ಕೆ ಎಳೆಯುವ ಸುಳಿಪ್ರವಾಹ ಬರುತ್ತದೆ. ಕಾವಲಿನವರು ಸೀಟಿ ಊದಿದರೆ ಸುಮ್ನೆ ಹೊರಗೆ ಬನ್ನಿ.

ಊಟದ ತಂಟೆ

ನಮ್ಮ ಐವರಲ್ಲಿ ಇಬ್ಬರು ಸಸ್ಯಾಹಾರಿಗಳು. ಜಗಾಲ್ಚಿಯಲ್ಲಿ ಮೂವರು ಮೀನು ತಿನ್ನುವಾಗ ಅವರಿಬ್ಬರು ಅನ್ನಕ್ಕೆ ಕಿಮ್ಚಿ (ಖಾರ ಹಾಕಿ ಹುಳಿ ಬರಿಸಿದ ಎಲೆಕೋಸು) ಕಲಸಿಕೊಂಡರು. ಕಿಮ್ಚಿಯಲ್ಲೂ ಮೀನಿನ ಸಾರ ಇರುತ್ತದೆ ಅಂತ ಗೊತ್ತಾದದ್ದು ಆಮೇಲೆ. ಅವತ್ತೇ ತೀರ್ಮಾನ ಮಾಡಿದೆವು: ಒಟ್ಟಿಗೆ ಬಂದಿದ್ದೇವೆ ಅಂತ ಮೂರು ಹೊತ್ತೂ ಒಟ್ಟಿಗೆ ತಿನ್ನಬೇಕಾಗಿಲ್ಲ. ದಿನಕ್ಕೆ ಒಂದು ಊಟ ಬೇರೆ ಬೇರೆ ಮಾಡಿ, ಒಂದೂವರೆ ಗಂಟೆ ಬಿಟ್ಟು ಸೇರಿಕೊಳ್ಳಿ. ಸ್ನೇಹ ಉಳಿಯುತ್ತದೆ.

ಮಾಂಸ ತಿನ್ನುವವರಿಗೆ ಬುಸಾನ್‌ನ ಸ್ವಂತ ಊಟ ಎರಡು. ಒಂದು ದ್ವೇಜಿ ಗುಕ್ಬಾಪ್, ಹಂದಿ ಮೂಳೆ ಕುದಿಸಿದ ಬಿಳಿ ಸಾರಿಗೆ ಅನ್ನ. ಇನ್ನೊಂದು ಮಿಲ್‌ಮ್ಯೊನ್, ತಣ್ಣನೆ ಸಾರಿನಲ್ಲಿ ಗೋಧಿ ಶ್ಯಾವಿಗೆ. ಯುದ್ಧದಲ್ಲಿ ಉತ್ತರದಿಂದ ಓಡಿಬಂದವರಿಗೆ ತಮ್ಮೂರಿನ ಬಕ್‌ವೀಟ್ ಶ್ಯಾವಿಗೆ ಮಾಡಲು ಹಿಟ್ಟು ಸಿಗಲಿಲ್ಲ, ಪರಿಹಾರಕ್ಕೆ ಬಂದ ಗೋಧಿ ಹಿಟ್ಟು ಸಿಕ್ಕಿತು. ಹಾಗೆ ಹುಟ್ಟಿದ್ದು ಇದು.

ಸಸ್ಯಾಹಾರಿಗಳು ಈ ವಾಕ್ಯ ಬಾಯಿಪಾಠ ಮಾಡಿ: "ಗೋಗಿ, ಹೆಸಾನ್ಮುಲ್ ಪ್ಪೆ ಜುಸೆಯೊ." ಮಾಂಸ, ಸಮುದ್ರದ ಪದಾರ್ಥ ತೆಗೆದು ಕೊಡಿ ಅಂತ ಅರ್ಥ. ಬಿಬಿಂಬಾಪ್ ಎಂಬ ತರಕಾರಿ ಕಲಸಿದ ಅನ್ನಕ್ಕೆ ಇದು ಕೆಲಸ ಮಾಡುತ್ತದೆ, ಪಕ್ಕದಲ್ಲಿ ಬರುವ ಸೂಪಿಗೆ ಮಾಡುವುದಿಲ್ಲ. ಅದು ಒಣಮೀನಿನ ನೀರು. ತರಕಾರಿ ಗಿಂಬಾಪ್ (ಕಡಲ ಪಾಚಿಯ ಹಾಳೆಯಲ್ಲಿ ಸುತ್ತಿದ ಅನ್ನ) ಅಂತ ಬರೆದಿದ್ದರೂ ಒಳಗೆ ಹ್ಯಾಮ್, ಮೊಟ್ಟೆ ಇರಬಹುದು. ಹೆಉಂದೆ, ಸೊಮ್ಯೊನ್ ಕಡೆ ಇಂಡಿಯನ್ ಹೋಟೆಲುಗಳಿವೆ.

ಇನ್ನು ಚಟ್ನಿಪುಡಿಗೆ ಬರೋಣ. ಯಾವುದೇ ಕನ್ವೀನಿಯನ್ಸ್ ಸ್ಟೋರಿನಲ್ಲಿ ಡಬ್ಬಿಯಲ್ಲಿ ಬೇಯಿಸಿಟ್ಟ ಅನ್ನ ಸಿಗುತ್ತದೆ. ಮೇಲಿನ ಹಾಳೆ ಮೂಲೆಯಲ್ಲಿ ಸ್ವಲ್ಪ ಬಿಡಿಸಿ, ಅಲ್ಲೇ ಇರುವ ಮೈಕ್ರೊವೇವಿನಲ್ಲಿ ಎರಡು ನಿಮಿಷ ಇಡಿ. ಚಟ್ನಿಪುಡಿ ಉದುರಿಸಿ, ಪುಟ್ಟ ಬಾಟಲಿಯಲ್ಲಿ ತಂದ ಎಣ್ಣೆ ಹಾಕಿ ಕಲಸಿ. ಪುಳಿಯೋಗರೆ ಗೊಜ್ಜಿದ್ದರೆ ಹಬ್ಬ. ಗ್ವಾಂಗಲ್ಲಿಯ ಒಂದು ಅಂಗಡಿಯಲ್ಲಿ ನಾವು ಹೀಗೆ ಕಲಸುತ್ತಿದ್ದಾಗ ಇಂಗಿನ ವಾಸನೆಗೆ ಕೌಂಟರಿನ ಹುಡುಗ ಕತ್ತೆತ್ತಿ ನೋಡಿದ. ಒಂದು ಚಮಚ ಕೊಟ್ಟೆವು. ಕಣ್ಣಲ್ಲಿ ನೀರು ಬಂತು, ಹೆಬ್ಬೆರಳೂ ಎತ್ತಿದ.

ಸೋಮವಾರ: ಪಶ್ಚಿಮ, ಆಮೇಲೆ ರೈಲು

ರೂಮ್ ಖಾಲಿ ಮಾಡಿ ಮೊದಲು ಬುಸಾನ್ ಸ್ಟೇಷನ್‌ಗೆ ಹೋಗಿ ಲಾಕರಿನಲ್ಲಿ ಬ್ಯಾಗ್ ಇಡಿ. ರಜೆಯ ದಿನ ದೊಡ್ಡ ಲಾಕರುಗಳು ಹತ್ತು ಗಂಟೆಯ ಹೊತ್ತಿಗೇ ತುಂಬಿರುತ್ತವೆ. ಚಕ್ರದ ಸೂಟ್‌ಕೇಸ್ ಎಳೆದುಕೊಂಡು ಗಾಮ್ಚೊನ್ ಹತ್ತುವವರನ್ನು ನೋಡಿದ್ದೇನೆ. ಅಯ್ಯೋ ಪಾಪ.

ಒಂದನೇ ಲೈನಿನ ತೊಸೊಂಗ್‌ನಲ್ಲಿ ಇಳಿದರೆ ಗುಡ್ಡ ಹತ್ತುವ ಪುಟ್ಟ ಬಸ್ಸು ಸಿಗುತ್ತದೆ. ಆ ಡ್ರೈವರುಗಳು ಚಾರ್ಮಾಡಿ ಘಾಟಿಯಲ್ಲಿ ತರಬೇತಾದವರ ಹಾಗೆ ಓಡಿಸುತ್ತಾರೆ, ಕಂಬಿ ಗಟ್ಟಿ ಹಿಡಿಯಿರಿ. ಗಾಮ್ಚೊನ್ ಈಗ ಬಣ್ಣಬಣ್ಣದ ಮನೆಗಳ ಚಿತ್ರ. ಆದರೆ 1950ರ ದಶಕದಲ್ಲಿ ಅದು ಯುದ್ಧದಿಂದ ಓಡಿಬಂದ ಬಡವರು ಗುಡ್ಡಕ್ಕೆ ಅಂಟಿಕೊಂಡು ಕಟ್ಟಿಕೊಂಡ ಗೂಡುಗಳ ಸಾಲು. ಹಿಂದಿನ ಮನೆಗೆ ಮುಂದಿನ ಮನೆ ಅಡ್ಡ ಬರದ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ್ದಾರೆ. 2009ರಲ್ಲಿ ಕಲಾವಿದರು ಬಂದ ಮೇಲೆ ಬಣ್ಣ, ಚಿತ್ರ, ಕೆಫೆ ಬಂದವು. ಈಗಲೂ ಜನ ಅಲ್ಲಿ ಬಾಳುತ್ತಿದ್ದಾರೆ. ತೆರೆದ ಕಿಟಕಿಗೆ ಕ್ಯಾಮೆರಾ ಹಿಡಿಯಬೇಡಿ, ಗಲ್ಲಿಯಲ್ಲಿ ಕೂಗಾಡಬೇಡಿ. "ದಿ ಲಿಟಲ್ ಪ್ರಿನ್ಸ್" ಕಥೆಯ ಪುಟ್ಟ ರಾಜಕುಮಾರನ ವಿಗ್ರಹದ ಪಕ್ಕ ಫೋಟೋಗೆ ಉದ್ದ ಕ್ಯೂ ಇರುತ್ತದೆ. ಅದೇ ನೋಟ ಹತ್ತು ಹೆಜ್ಜೆ ಮುಂದೆ ಕ್ಯೂ ಇಲ್ಲದೆ ಸಿಗುತ್ತದೆ.

ಕೆಳಗಿಳಿದರೆ ಮಾರ್ಕೆಟ್ಟುಗಳು. ಜಗಾಲ್ಚಿಯ ಫಲಕದಲ್ಲಿ "ಒಇಸೊ, ಬೊಇಸೊ, ಸಇಸೊ" ಅಂತಿದೆ: ಬನ್ನಿ, ನೋಡಿ, ಕೊಳ್ಳಿ. ಇದು ಪಕ್ಕಾ ಬುಸಾನ್ ಮಾತು. ಸಿಯೋಲ್‌ನವರ ಕಿವಿಗೆ ಇದು ಬೆಂಗಳೂರಿನವರಿಗೆ ಹುಬ್ಬಳ್ಳಿ ಮಾತು ಕೇಳಿದ ಹಾಗೆ. ಕೆಳಗೆ ಅಜುಮ್ಮಗಳ (ನಡುವಯಸ್ಸಿನ ಹೆಂಗಸರು) ಹತ್ತಿರ ಮೀನು ಆರಿಸಿ, ಮೇಲೆ ಹೋಗಿ ತಿನ್ನುವುದು ಪದ್ಧತಿ. ಮೇಲೆ ತಟ್ಟೆ, ಸೊಪ್ಪು, ಸಾಸಿಗೆ ತಲೆಗಿಷ್ಟು ಅಂತ ಬೇರೆ ಹಾಕುತ್ತಾರೆ. ನಮಗೆ ಅದು ಬಿಲ್ ಬಂದಾಗಲೇ ಗೊತ್ತಾಗಿದ್ದು. ಎರಡೂ ಸೇರಿ ಎಷ್ಟು ಅಂತ ಮೀನು ಕೊಯ್ಯುವ ಮುಂಚೆಯೇ ಕ್ಯಾಲ್ಕುಲೇಟರಿನಲ್ಲಿ ಒತ್ತಿಸಿಕೊಳ್ಳಿ.

ರಸ್ತೆಯಾಚೆ ಬಿಫ್ (ಬುಸಾನ್ ಚಲನಚಿತ್ರೋತ್ಸವದ ಹೆಸರು) ಚೌಕದಲ್ಲಿ ಸ್ಸಿಆತ್ ಹೊತ್ತೊಕ್ ತಿನ್ನದೆ ಬರಬೇಡಿ. ಕಾವಲಿಯಲ್ಲಿ ಜಿಡ್ಡು ಕೆರೆಯ ಹಾಗೆ ನಿಂತಿರುತ್ತದೆ. ಹಿಟ್ಟಿನ ಉಂಡೆ ಹಾಕಿ, ಹಿಡಿ ಇರುವ ದುಂಡು ತಗಡಿನಿಂದ ಒತ್ತುತ್ತಾರೆ. ಕೆಂಪಗಾದ ಮೇಲೆ ಎತ್ತಿ, ಅಂಚನ್ನು ಕತ್ತರಿಯಿಂದ ಕತ್ತರಿಸಿ ಜೇಬಿನ ಹಾಗೆ ಬಾಯಿ ತೆಗೆದು, ಸೂರ್ಯಕಾಂತಿ, ಕುಂಬಳ ಬೀಜ, ಕಡಲೆಬೀಜದ ಪುಡಿಯನ್ನು ಒಂದು ದೊಡ್ಡ ಚಮಚ ಸುರಿದು ಕಾಗದದ ಲೋಟದಲ್ಲಿಟ್ಟು ಕೊಡುತ್ತಾರೆ. ಒಳಗೆ ಕರಗಿದ ಸಕ್ಕರೆ ಪಾಕ. ಹೋಳಿಗೆಯ ದೂರದ ನೆಂಟ ಅನ್ನಬಹುದು. ಮೊದಲ ತುತ್ತಿಗೆ ಆತುರಪಟ್ಟು ನಾಲಿಗೆ ಸುಟ್ಟುಕೊಂಡವರಲ್ಲಿ ನಾನೂ ಒಬ್ಬ.

ಸಮಯ ಉಳಿದರೆ ಬೊಸುದೊಂಗ್‌ನ ಹಳೇ ಪುಸ್ತಕದ ಓಣಿ. ಮಳೆ ಬಂದರೆ ಇದೆಲ್ಲ ಬಿಟ್ಟು ಜಿಮ್‌ಜಿಲ್‌ಬಾಂಗ್ ಎಂಬ ಸಾರ್ವಜನಿಕ ಸ್ನಾನಗೃಹಕ್ಕೆ ಹೋಗಿ. ಬಿಸಿನೀರಿನ ಕೊಳಕ್ಕೆ ಬಟ್ಟೆ ಇಲ್ಲದೇ ಇಳಿಯಬೇಕು, ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ. ನಾಚಿಕೆಯವರು ಅದನ್ನು ಬಿಟ್ಟು, ಅವರೇ ಕೊಡುವ ನಿಕ್ಕರು, ಟೀ ಶರ್ಟ್ ಹಾಕಿಕೊಂಡು ಎಲ್ಲರೂ ಸೇರುವ ಬಿಸಿ ಕೋಣೆಗೆ ನೇರ ಹೋಗಬಹುದು. ನಮ್ಮಲ್ಲಿ ಒಬ್ಬ ಮೂರು ಸಲವೂ ಹಾಗೇ ಮಾಡಿದ್ದಾನೆ.

ಲೆಕ್ಕದ ವಿಷಯ: ಮೂರು ದಿನದ ಖರ್ಚನ್ನು ಒಬ್ಬರ ಕಾರ್ಡಿನಿಂದಲೇ ಕೊಟ್ಟು, ಫೋನಿನಲ್ಲಿ ಬರೆದಿಟ್ಟು, ವಾಪಸ್ ರೈಲಿನಲ್ಲಿ ಕೂತ ಮೇಲೆ ಭಾಗ ಮಾಡಿ. ಸಮನಾಗಿ ಹಂಚುವುದಕ್ಕೆ ಇಲ್ಲಿನ ಹುಡುಗರು "ಎನ್-ಪ್ಪಾಂಗ್" ಅನ್ನುತ್ತಾರೆ. ಮೀನಿನ ಬಿಲ್ಲನ್ನು ಸಸ್ಯಾಹಾರಿಗಳ ತಲೆಗೆ ಕಟ್ಟಬೇಡಿ.

ಮಾರ್ಕೆಟ್ಟುಗಳ ಹತ್ತಿರದ ನಾಂಪೊ ಮೆಟ್ರೊ ಸ್ಟೇಷನ್‌ನಿಂದ ಬುಸಾನ್ ಸ್ಟೇಷನ್ ಎರಡೇ ಸ್ಟಾಪ್. ಆದರೂ ರೈಲಿಗೆ ಒಂದು ಗಂಟೆ ಮುಂಚೆ ಹೊರಡಿ, ಲಾಕರ್ ಮುಂದೆ ಕ್ಯೂ ಇರುತ್ತದೆ. ಆಫೀಸಿನವರಿಗೆ ಏನಾದರೂ ತರುವುದು ಇಲ್ಲಿ ರೂಢಿ. ಸ್ಟೇಷನ್‌ನಲ್ಲೇ ಒಮುಕ್ ಅಂದರೆ ಮೀನಿನ ಕೇಕ್ ಪ್ಯಾಕೆಟ್ ಸಿಗುತ್ತದೆ, ಅದನ್ನು ಒಯ್ಯಿರಿ. ಹೊತ್ತೊಕ್ ಕಟ್ಟಿಸಿಕೊಳ್ಳಬೇಡಿ. ನಾನು ಒಯ್ದಿದ್ದೆ, ದೇಜೊನ್ ದಾಟುವಷ್ಟರಲ್ಲಿ ಚಪ್ಪಲಿ ಅಟ್ಟೆಯಾಗಿತ್ತು.